ಓರಿಯನ್‌ನ ಎಳೆ ನಕ್ಷತ್ರಗಳಿಗೆ ಹದಿಮೂರು ದಿನದ ಎಕ್ಸ್ ರೇ

ಜನವರಿಯ ಒಂದು ರಾತ್ರಿ, ಎಂಟೂವರೆ ಹೊತ್ತಿಗೆ, ಮನೆಯ ತಾರಸಿ ಹತ್ತಿ ತಲೆ ಎತ್ತಿ ನೋಡಿ. ಮೂರು ನಕ್ಷತ್ರಗಳು ಒಂದೇ ಸಾಲಿನಲ್ಲಿ, ಅಳೆದು ಇಟ್ಟ ಹಾಗೆ ಕಾಣುತ್ತವೆ. ಅದು ಮಹಾವ್ಯಾಧನ ಸೊಂಟಪಟ್ಟಿ. ಓರಿಯನ್ ಅನ್ನುವುದು ಈ ನಕ್ಷತ್ರಪುಂಜಕ್ಕೇ. ನಮ್ಮ ರೈತರಿಗೆ ಆಕಾಶದ ಈ ಮೂಲೆ ಬೇರೆ ಹೆಸರಿನಲ್ಲಿ ಗೊತ್ತು. ಮೃಗಶಿರಾ ಮಳೆ, ಆರಿದ್ರಾ ಮಳೆ ಅಂತೀವಲ್ಲ, ಆ ಎರಡೂ ನಕ್ಷತ್ರಗಳು ಇರೋದು ಇಲ್ಲೇ. ಜೂನ್‌ನಲ್ಲಿ ಸೂರ್ಯ ಈ ದಿಕ್ಕಿಗೆ ಬಂದಾಗ ಆ ಮಳೆಗಳು. ಚಳಿಗಾಲದಲ್ಲಿ ಸೂರ್ಯ ಎದುರು ದಿಕ್ಕಿಗೆ ಹೋಗಿರುತ್ತಾನೆ, ಆಗ ರಾತ್ರಿಯ ಆಕಾಶ ಮಹಾವ್ಯಾಧನದ್ದು.

ಆ ಪಟ್ಟಿಯಿಂದ ಒಂದು ಕತ್ತಿ ತೂಗುಬಿದ್ದಿದೆ. ಮಂಕಾದ ಮೂರು ಚುಕ್ಕೆಗಳು. ನಡುವಿನದನ್ನು ಬೈನಾಕ್ಯುಲರ್‌ನಲ್ಲಿ ನೋಡಿದರೆ ಅದು ಚುಕ್ಕೆಯಾಗಿ ಉಳಿಯುವುದಿಲ್ಲ, ಅಂಚು ಕರಗಿದ ಒಂದು ಬಿಳಿ ಮಸುಕು ಆಗುತ್ತದೆ. ಊರಲ್ಲಿ ಕರೆಂಟ್ ಹೋಗಿದ್ದ ಒಂದು ರಾತ್ರಿ ಅತ್ತೆಯ ಮಗಳಿಗೆ ಇದನ್ನು ತೋರಿಸಿದ್ದೆ. ಒಂದು ನಿಮಿಷ ಸುಮ್ಮನೆ ನೋಡಿ, "ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗಿದೆ" ಅಂದಳು. ಓರಿಯನ್ ನೀಹಾರಿಕೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಆ ಉಸಿರಿನೊಳಗೆ ಎರಡು ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿವೆ. ದೂರ ಸುಮಾರು 1,300 ಜ್ಯೋತಿರ್ವರ್ಷ. ಹೆಚ್ಚಿನವುಗಳ ವಯಸ್ಸು ಹತ್ತಿಪ್ಪತ್ತು ಲಕ್ಷ ವರ್ಷ. ಕೇಳಲು ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ನಮ್ಮ ಸೂರ್ಯನಿಗೆ 460 ಕೋಟಿ ವರ್ಷ. ಸೂರ್ಯನನ್ನು 46 ವರ್ಷದ ಮನುಷ್ಯ ಅಂದುಕೊಳ್ಳಿ. ಆ ಲೆಕ್ಕದಲ್ಲಿ ಇವು ನಾಲ್ಕು ದಿನದಿಂದ ಒಂದು ವಾರದ ಕೂಸುಗಳು. ಇನ್ನೂ ತೊಟ್ಟಿಲಿಗೆ ಹಾಕುವ ಶಾಸ್ತ್ರವೂ ಆಗಿಲ್ಲ.

ನಮ್ಮ ಸೂರ್ಯನೂ ಒಂದು ಕಾಲದಲ್ಲಿ ಹೀಗೇ ಇದ್ದ. ಅವನ ಬಾಲ್ಯ ಹೇಗಿತ್ತು ಅಂತ ಅವನನ್ನೇ ನೋಡಿ ತಿಳಿಯಲು ಆಗುವುದಿಲ್ಲ. ಆದ್ದರಿಂದ ಬೇರೆಯವರ ಮಕ್ಕಳನ್ನು ನೋಡಬೇಕು. ಹಾಗೆ ನೋಡಿದಾಗ, ಅದರಲ್ಲೂ ಎಕ್ಸ್ ರೇಯಲ್ಲಿ ನೋಡಿದಾಗ, ಸಿಕ್ಕ ಉತ್ತರ ಯಾರೂ ಊಹಿಸದಷ್ಟು ಜೋರಾಗಿತ್ತು.

ಎಕ್ಸ್ ರೇ ಅಂದ ತಕ್ಷಣ ಆಸ್ಪತ್ರೆ ನೆನಪಾಗುತ್ತದೆ. ಅದೇ ಜಾತಿಯ ಬೆಳಕು ಇದು, ಸ್ವಲ್ಪ ಮೆದು ಅಷ್ಟೇ. ಮೂಳೆ ಮುರಿದಾಗ ತೆಗೆಯುವ ಚಿತ್ರಕ್ಕೆ ಬಳಸುವ ಕಿರಣಗಳಿಗಿಂತ ಇವುಗಳ ಶಕ್ತಿ ಕಡಿಮೆ. ಆದರೆ ಕಣ್ಣಿಗೆ ಕಾಣುವ ಬೆಳಕಿಗಿಂತ ನೂರಾರು, ಸಾವಿರಾರು ಪಟ್ಟು ಹೆಚ್ಚು.

ಇಲ್ಲೇ ಒಂದು ಒಗಟು ಇದೆ. ಕಮ್ಮಾರನ ಕುಲುಮೆ ನೋಡಿದವರಿಗೆ ಗೊತ್ತು, ಕಬ್ಬಿಣ ಕಾದಂತೆ ಮೊದಲು ಕೆಂಪಗಾಗುತ್ತದೆ, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ. ಬಿಸಿ ಏರಿದಂತೆ ಬೆಳಕಿನ ಶಕ್ತಿಯೂ ಏರುತ್ತದೆ. ಸೂರ್ಯನ ಮೈ ಸುಮಾರು 5,500 ಡಿಗ್ರಿ ಬಿಸಿ, ಅದಕ್ಕೇ ಕಣ್ಣಿಗೆ ಕಾಣುವ ಬೆಳಕು ಕೊಡುತ್ತಾನೆ. ಎಕ್ಸ್ ರೇ ಹೊರಡಬೇಕಾದರೆ ಬಿಸಿ ಹತ್ತಾರು ಲಕ್ಷ ಡಿಗ್ರಿ ಇರಬೇಕು. ಓರಿಯನ್‌ನ ಈ ಕೂಸುಗಳ ಮೈ ಬಿಸಿ ಎಷ್ಟು? ಬಹುಪಾಲು ನಕ್ಷತ್ರಗಳಲ್ಲಿ ಮೂರು ನಾಲ್ಕು ಸಾವಿರ ಡಿಗ್ರಿ, ಸೂರ್ಯನಿಗಿಂತಲೂ ಕಡಿಮೆ. ಆ ಮೈಯಿಂದ ಎಕ್ಸ್ ರೇ ಹೊರಡುವ ಪ್ರಶ್ನೆಯೇ ಇಲ್ಲ.

ಆದರೂ ಹೊರಡುತ್ತದೆ. ಇವತ್ತಿನ ಸೂರ್ಯನಿಗಿಂತ ಸಾವಿರ ಪಟ್ಟು, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ.

ಇದು ಮೊದಲು ಗೊತ್ತಾಗಿದ್ದು 1978ರಲ್ಲಿ ಹಾರಿದ ಐನ್‌ಸ್ಟೈನ್ ಎಂಬ ಎಕ್ಸ್ ರೇ ಉಪಗ್ರಹದಿಂದ. ಎಳೆ ನಕ್ಷತ್ರಗಳು ಎಕ್ಸ್ ರೇಯಲ್ಲಿ ಹೊಳೆಯುತ್ತವೆ ಅಂತ 1981ರಲ್ಲಿ ಬರೆದವರಲ್ಲಿ ಎರಿಕ್ ಫೈಗಲ್ಸನ್ ಒಬ್ಬರು. ಅವರ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಮೋಡ ದಾಟುತ್ತದೆ, ಗಾಳಿ ದಾಟುವುದಿಲ್ಲ

ನಕ್ಷತ್ರ ಹುಟ್ಟುವುದು ಧೂಳು ಮತ್ತು ಅನಿಲದ ದಟ್ಟ ಮೋಡದೊಳಗೆ. ಹುಟ್ಟುವ ಜಾಗವೇ ಪರದೆ ಹಾಕಿಕೊಂಡಿರುತ್ತದೆ. ಎಷ್ಟೋ ಮಕ್ಕಳು ಆ ಪರದೆಯ ಆಚೆ ಉಳಿದುಬಿಡುತ್ತಾರೆ, ಮಾಮೂಲಿ ದೂರದರ್ಶಕಕ್ಕೆ ಸಿಗುವುದೇ ಇಲ್ಲ. ಎಕ್ಸ್ ರೇ ಆ ಪರದೆ ದಾಟಿ ಬರುತ್ತದೆ. ಹಾಗಾದರೆ ನೆಲದ ಮೇಲೆ ಒಂದು ಎಕ್ಸ್ ರೇ ದೂರದರ್ಶಕ ಇಟ್ಟು ನೋಡಬಹುದಲ್ಲ? ಆಗುವುದಿಲ್ಲ. ನಮ್ಮ ತಲೆಯ ಮೇಲಿನ ಗಾಳಿ ಅದನ್ನು ಪೂರ್ತಿ ತಡೆದುಬಿಡುತ್ತದೆ.

ಇದು ನನ್ನನ್ನು ಬಹಳ ದಿನ ಕಾಡಿದ ಅನುಮಾನ. ಕೋಟಿ ಕೋಟಿ ಕಿಲೋಮೀಟರ್ ದಪ್ಪದ ಮೋಡ ದಾಟಿದ ಕಿರಣ, ನೂರು ಕಿಲೋಮೀಟರ್ ಗಾಳಿಗೆ ಸೋಲೋದಾ? ಉತ್ತರ ತಕ್ಕಡಿಯಲ್ಲಿದೆ. ಕಿರುಬೆರಳಿನ ಉಗುರಿನಷ್ಟು, ಅಂದರೆ ಒಂದು ಚದರ ಸೆಂಟಿಮೀಟರ್ ಜಾಗ ತಗೊಳ್ಳಿ. ಅದರ ಮೇಲೆ ಆಕಾಶದವರೆಗೆ ನಿಂತಿರುವ ಗಾಳಿಯ ಕಂಬದ ತೂಕ ಸುಮಾರು ಒಂದು ಕಿಲೋ. ಈಗ ಅಷ್ಟೇ ಜಾಗದ ಕಂಬವನ್ನು ನಕ್ಷತ್ರ ಹುಟ್ಟುವ ದಟ್ಟ ಮೋಡದ ಈ ತುದಿಯಿಂದ ಆ ತುದಿಗೆ ಎಳೆಯಿರಿ. ಅದರ ತೂಕ ಕಾಲು ಗ್ರಾಂ ಆಸುಪಾಸು. ಮೋಡ ಅಷ್ಟು ತೆಳು. ಎಕ್ಸ್ ರೇಗೆ ಮುಖ್ಯವಾಗುವುದು ದಾರಿಯಲ್ಲಿ ಎಷ್ಟು ಅಣು ಪರಮಾಣು ಅಡ್ಡ ಬಂದವು ಅನ್ನುವುದು, ದಾರಿಯ ಉದ್ದ ಅಲ್ಲ.

ಕಣ್ಣಿಗೆ ಕಾಣುವ ಬೆಳಕಿನ ಕಥೆ ಬೇರೆ. ಅದಕ್ಕೆ ಧೂಳೇ ಶತ್ರು. ಹಸಿ ಸೌದೆ ಹಾಕಿದ ಅಡುಗೆಮನೆಯಲ್ಲಿ ಹೊಗೆ ತುಂಬಿದಾಗ ಎದುರಿನ ಗೋಡೆ ಕಾಣುವುದಿಲ್ಲ. ಆ ಹೊಗೆಯನ್ನೆಲ್ಲ ಒಟ್ಟುಮಾಡಿ ತೂಗಿದರೆ ಏನೂ ಇರುವುದಿಲ್ಲ. ಕಣಗಳು ಸಣ್ಣವು, ಆದರೆ ಬೆಳಕನ್ನು ಚದುರಿಸಲು ಹೇಳಿಮಾಡಿಸಿದ ಗಾತ್ರದವು. ನಾನು ಹೇಳಿದ ಆ ಕಾಲು ಗ್ರಾಂ ಮೋಡ ಹಿಂದಿನ ನಕ್ಷತ್ರದ ಬೆಳಕನ್ನು ಎಷ್ಟು ಕುಂದಿಸುತ್ತದೆ ಗೊತ್ತಾ? ಒಂದರ ಮುಂದೆ ಇಪ್ಪತ್ತು ಸೊನ್ನೆ ಹಾಕಿ, ಅಷ್ಟರಲ್ಲಿ ಒಂದು ಪಾಲಿಗೆ. ಅದೇ ಮೋಡವನ್ನು ಶಕ್ತಿ ಹೆಚ್ಚಿರುವ ಎಕ್ಸ್ ರೇಗಳು ಹೆಚ್ಚು ನಷ್ಟವಿಲ್ಲದೆ ದಾಟಿ ಬರುತ್ತವೆ. ಮೆದು ಎಕ್ಸ್ ರೇಗಳು ಮಾತ್ರ ದಾರಿಯಲ್ಲೇ ಉಳಿಯುತ್ತವೆ. ಯಾವ ಶಕ್ತಿಯ ಕಿರಣಗಳು ಎಷ್ಟು ಕಾಣೆಯಾಗಿವೆ ಅಂತ ನೋಡಿ, ಆ ನಕ್ಷತ್ರ ಮೋಡದೊಳಗೆ ಎಷ್ಟು ಆಳದಲ್ಲಿದೆ ಅಂತಲೂ ಹೇಳಬಹುದು.

ಹೀಗಾಗಿ ದೂರದರ್ಶಕ ಗಾಳಿಯ ಮೇಲಕ್ಕೆ ಹೋಗಲೇಬೇಕು.

ಚಂದ್ರ ಎಂಬ ಕಣ್ಣು

1999ರ ಜುಲೈ 23ರಂದು ಕೊಲಂಬಿಯಾ ನೌಕೆ ಒಂದು ದೂರದರ್ಶಕವನ್ನು ಹೊತ್ತು ಹಾರಿತು. ಹೆಸರು ಚಂದ್ರ. ಲಾಹೋರಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಓದಿ, ಶಿಕಾಗೋದಲ್ಲಿ ನೆಲೆಸಿ, 1983ರಲ್ಲಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಅದು. ಅವರನ್ನು ಎಲ್ಲರೂ ಚಂದ್ರ ಅಂತಲೇ ಕರೆಯುತ್ತಿದ್ದರು. ಬೆಂಗಳೂರಿನ ನಮಗೆಲ್ಲ ಆಪ್ತರಾದ ಸಿ.ವಿ. ರಾಮನ್ ಅವರ ಅಣ್ಣನ ಮಗ. ದೂರದರ್ಶಕ ಹಾರುವ ನಾಲ್ಕು ವರ್ಷ ಮೊದಲೇ, 1995ರಲ್ಲಿ, ಅವರು ತೀರಿಕೊಂಡಿದ್ದರು.

ಚಂದ್ರದ ಕನ್ನಡಿಗಳು ನೋಡಲು ಕನ್ನಡಿಯ ಹಾಗಿಲ್ಲ. ಎಕ್ಸ್ ರೇಯನ್ನು ಮಾಮೂಲಿ ಕನ್ನಡಿಗೆ ನೇರ ಬಿಟ್ಟರೆ ಅದು ವಾಪಸ್ಸು ಬರುವುದಿಲ್ಲ, ಕನ್ನಡಿಯೊಳಗೇ ಇಂಗಿಹೋಗುತ್ತದೆ. ಆದರೆ ತೀರಾ ಓರೆಯಾಗಿ, ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಬಿಟ್ಟರೆ ಜಾರಿ ಮುಂದಕ್ಕೆ ಹೋಗುತ್ತದೆ. ಕೆರೆಗೆ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ನೀರು ಮುಟ್ಟಿ ಮುಟ್ಟಿ ಹಾರುತ್ತದಲ್ಲ, ಹಾಗೆ. ಅದಕ್ಕೇ ಚಂದ್ರದಲ್ಲಿ ತಳವಿಲ್ಲದ ದೊಡ್ಡ ದೊಡ್ಡ ಲೋಟಗಳನ್ನು ಒಂದರೊಳಗೊಂದು ಇಟ್ಟ ಹಾಗೆ ನಾಲ್ಕು ಜೋಡಿ ಕನ್ನಡಿಗಳಿವೆ. ಹೊರಗಿನದರ ಅಗಲ 1.2 ಮೀಟರ್. ಒಳಮೈಗೆ ಇರಿಡಿಯಂ ಲೋಹದ ಲೇಪ. ಕಿರಣ ಒಂದು ಬಾಯಿಯಿಂದ ಒಳಹೊಕ್ಕು, ಗೋಡೆಯನ್ನು ಎರಡು ಸಲ ಸವರಿ, ಹತ್ತು ಮೀಟರ್ ಆಚೆ ಇರುವ ಕ್ಯಾಮೆರಾದ ಮೇಲೆ ಬೀಳುತ್ತದೆ.

ಇದರ ನೋಟ ಎಷ್ಟು ಚುರುಕು ಅಂದರೆ, ಹನ್ನೊಂದು ಕಿಲೋಮೀಟರ್ ದೂರದ ಹತ್ತು ರೂಪಾಯಿ ನಾಣ್ಯ ನಮಗೆ ಎಷ್ಟು ಸಣ್ಣದಾಗಿ ಕಾಣಬೇಕೋ ಅಷ್ಟು ಸಣ್ಣ ವಿವರವನ್ನು ಬಿಡಿಸಿ ತೋರಿಸುತ್ತದೆ. ಓರಿಯನ್‌ಗೆ ಇದು ಬೇಕೇ ಬೇಕು. ಅಲ್ಲಿ ನಕ್ಷತ್ರಗಳು ಜಾತ್ರೆಯ ಹಾಗೆ ಒತ್ತೊತ್ತಾಗಿವೆ. ನೋಟ ಮಂಜಾದರೆ ನೂರು ನಕ್ಷತ್ರ ಸೇರಿ ಒಂದು ಮುದ್ದೆಯಾಗಿ ಕಾಣುತ್ತವೆ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನಲ್ಲೂ ಇದೇ ತತ್ವದ ಎಕ್ಸ್ ರೇ ದೂರದರ್ಶಕ ಇದೆ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕಟ್ಟಿದ್ದು. ಒಂಟಿಯಾಗಿ ನಿಂತ ನಕ್ಷತ್ರದ ಏರಿಳಿತ ಅಳೆಯಲು ಅದು ಒಳ್ಳೆಯ ಸಾಧನ. ಓರಿಯನ್‌ನ ಜಾತ್ರೆಯಲ್ಲಿ ಒಬ್ಬೊಬ್ಬರನ್ನೇ ಗುರುತಿಸುವ ಕೆಲಸ ಅದರದ್ದಲ್ಲ.

ಹದಿಮೂರು ದಿನ ಕಣ್ಣು ಕೀಳದೆ

2003ರ ಜನವರಿ. ಫೈಗಲ್ಸನ್ ನೇತೃತ್ವದ ಒಂದು ದೊಡ್ಡ ತಂಡ ಚಂದ್ರ ದೂರದರ್ಶಕವನ್ನು ಓರಿಯನ್ ನೀಹಾರಿಕೆಯ ಕಡೆ ತಿರುಗಿಸಿತು. ನೋಡಿದ್ದು ಹುಣ್ಣಿಮೆ ಚಂದ್ರನ ಅರ್ಧದಷ್ಟು ಅಗಲದ ಒಂದೇ ಒಂದು ಚೌಕ. ಆದರೆ ಹದಿಮೂರು ದಿನ ಅಲ್ಲೇ ನೋಡಿತು. ದೂರದರ್ಶಕದ ಸಮಯಕ್ಕೆ ಎಷ್ಟು ಪೈಪೋಟಿ ಇರುತ್ತದೆ ಅಂತ ಗೊತ್ತಿರುವವರಿಗೆ ಇದರ ಬೆಲೆ ತಿಳಿಯುತ್ತದೆ. ಸಾಮಾನ್ಯವಾಗಿ ಸಿಗುವುದು ಕೆಲವು ಗಂಟೆ.

ಹದಿಮೂರು ದಿನದಲ್ಲಿ ನಿಜವಾಗಿ ನೋಡಿದ ಹೊತ್ತು 8,38,000 ಸೆಕೆಂಡು, ಅಂದರೆ ಒಂಬತ್ತೂವರೆ ದಿನಕ್ಕಿಂತ ಸ್ವಲ್ಪ ಜಾಸ್ತಿ. ಚಂದ್ರ ದೂರದರ್ಶಕ ಭೂಮಿಯನ್ನು ಸುತ್ತುವ ದಾರಿ ಉದ್ದನೆಯ ಮೊಟ್ಟೆಯ ಹಾಗಿದೆ. ದೂರದ ತುದಿಯಲ್ಲಿ ಚಂದಮಾಮನ ದಾರಿಯ ಮೂರನೇ ಒಂದು ಭಾಗದಷ್ಟು ದೂರ ಹೋಗುತ್ತದೆ. ಹತ್ತಿರದ ತುದಿಗೆ ಬಂದಾಗ ಭೂಮಿಯ ವಿಕಿರಣ ಪಟ್ಟಿಗಳ ಮೂಲಕ ಹಾದುಹೋಗಬೇಕು. ಆಗ ಕ್ಯಾಮೆರಾಕ್ಕೆ ಪೆಟ್ಟಾಗದಂತೆ ಅದನ್ನು ಮರೆಗೆ ಸರಿಸಿಡುತ್ತಾರೆ. ಹಾಗೆ ಐದು ಬಾರಿ ಕಣ್ಣು ಮುಚ್ಚಿ ತೆರೆಯಬೇಕಾಯಿತು.

ಈ ಕ್ಯಾಮೆರಾದ ಕೆಲಸವನ್ನು ಹತ್ತಿರದಿಂದ ನೋಡಬೇಕು. ನಮ್ಮ ಫೋನಿನ ಕ್ಯಾಮೆರಾಕ್ಕೆ ಬೆಳಕು ಮಳೆಯಂತೆ ಸುರಿಯುತ್ತದೆ. ಇಲ್ಲಿ ಹನಿ ಹನಿ. ಸುಮಾರು 3.2 ಸೆಕೆಂಡಿಗೆ ಒಂದು ಚಿತ್ರ ತೆಗೆಯುತ್ತದೆ, ಮತ್ತೆ ಒಂದು, ಮತ್ತೆ ಒಂದು. ಒಂದೊಂದು ಚಿತ್ರದಲ್ಲಿ ಹೆಚ್ಚಿನ ನಕ್ಷತ್ರಗಳ ಜಾಗದಲ್ಲಿ ಏನೂ ಇರುವುದಿಲ್ಲ. ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಾಳು, ಬಂದು ಬಿದ್ದರೆ ಮೂರು ವಿಷಯ ಬರೆದಿಡುತ್ತದೆ: ಎಲ್ಲಿ ಬಿತ್ತು, ಯಾವಾಗ ಬಿತ್ತು, ಎಷ್ಟು ಶಕ್ತಿಯದ್ದು. ಅಂಥ ಸುಮಾರು ಎರಡೂವರೆ ಲಕ್ಷ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟಾಗ ಓರಿಯನ್ ಮೂಡಿಬಂತು. ಕೆಲವು ಮಂಕು ನಕ್ಷತ್ರಗಳಿಂದ ಅಷ್ಟೂ ದಿನದಲ್ಲಿ ಬಂದದ್ದು ಹತ್ತಾರು ಕಾಳು ಮಾತ್ರ. ಹತ್ತು ದಿನ ಕಾದು ಹತ್ತು ಕಾಳು ಎಣಿಸಿ, "ಇಲ್ಲೊಂದು ಮಗು ಇದೆ" ಅಂತ ಹೇಳುವ ತಾಳ್ಮೆ ನನಗೆ ಬಹಳ ದೊಡ್ಡದು ಅನ್ನಿಸುತ್ತದೆ.

ಬಂದ ಚಿತ್ರದಲ್ಲಿ ನೀಹಾರಿಕೆಯೇ ಇರಲಿಲ್ಲ. ನಾವು ಕ್ಯಾಲೆಂಡರಿನಲ್ಲಿ ನೋಡುವ ಗುಲಾಬಿ ಬಣ್ಣದ ಮೋಡ ಪೂರ್ತಿ ಮಾಯ. ಕಪ್ಪು ಹಾಸಿನ ಮೇಲೆ ಎಳ್ಳು ಚೆಲ್ಲಿದ ಹಾಗೆ 1,616 ಚುಕ್ಕೆಗಳು. ಅವುಗಳಲ್ಲಿ ಸುಮಾರು 1,400 ಓರಿಯನ್‌ನ ಮಕ್ಕಳು. ಉಳಿದವುಗಳಲ್ಲಿ ನೂರಕ್ಕೂ ಹೆಚ್ಚು ಬೇರೆಯೇ ಗ್ಯಾಲಕ್ಸಿಗಳಿಂದ ಬಂದ ಕಿರಣಗಳು. ಇಡೀ ಮೋಡವನ್ನು ಹಿಂದಿನಿಂದ ಮುಂದಕ್ಕೆ ತೂರಿಕೊಂಡು ಬಂದಿದ್ದವು.

ಈ ಪಟ್ಟಿಯಿಂದ ಆದ ಒಂದು ದೊಡ್ಡ ಉಪಕಾರ ಜನಗಣತಿ. ಎಳೆ ನಕ್ಷತ್ರಗಳನ್ನು ಹುಡುಕುವ ಹಳೆಯ ದಾರಿ ಅವುಗಳ ಸುತ್ತಲಿನ ಧೂಳಿನ ತಟ್ಟೆಯನ್ನು ಅವಕೆಂಪು ಬೆಳಕಿನಲ್ಲಿ ನೋಡುವುದು. ಆದರೆ ಕೆಲವು ಮಕ್ಕಳ ತಟ್ಟೆ ಬೇಗ ಕರಗಿಹೋಗುತ್ತದೆ. ಆಮೇಲೆ ಅವು ಹಿಂದೆ ಮುಂದೆ ಇರುವ ವಯಸ್ಸಾದ ಸಾವಿರಾರು ನಕ್ಷತ್ರಗಳ ನಡುವೆ ಕಳೆದುಹೋಗುತ್ತವೆ. ಎಕ್ಸ್ ರೇಯಲ್ಲಿ ಕಳೆದುಹೋಗುವುದಿಲ್ಲ. ತಟ್ಟೆ ಇರಲಿ ಬಿಡಲಿ, ಎಳೆ ನಕ್ಷತ್ರ ಹೊಳೆಯುತ್ತದೆ, ಮುದಿ ನಕ್ಷತ್ರ ಹೊಳೆಯುವುದಿಲ್ಲ. ನಕ್ಷತ್ರವಾಗಲು ತೂಕ ಸಾಲದ ಕಂದು ಕುಬ್ಜಗಳಲ್ಲೂ ಕೆಲವು ಇಲ್ಲಿ ಸಿಕ್ಕವು.

ಹೊಳಪು ಬರುವುದು ಎಲ್ಲಿಂದ

ಸೂರ್ಯನಂತೆ ಬೆಳೆಯಲಿರುವ ಒಂದು ನಕ್ಷತ್ರದ ದಾಖಲೆ ತೆಗೆದು ನೋಡೋಣ. ಮೂರು ನಾಲ್ಕು ದಿನ ಫೋಟಾನ್‌ಗಳು ಒಂದೇ ಸಮನೆ ಬರುತ್ತಿರುತ್ತವೆ. ಇದ್ದಕ್ಕಿದ್ದಂತೆ ಗೆರೆ ನೆಟ್ಟಗೆ ಮೇಲೇರುತ್ತದೆ. ಗಂಟೆಗೆ ಬರುವ ಫೋಟಾನ್ ಸಂಖ್ಯೆ ಹತ್ತು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಆಗುತ್ತದೆ. ಕಾಳುಗಳ ಶಕ್ತಿಯೂ ಏರುತ್ತದೆ, ಅಂದರೆ ಅನಿಲ ಇನ್ನಷ್ಟು ಕಾದಿದೆ. ಆಮೇಲೆ ಇಳಿತ. ಏರಿದಷ್ಟು ಬೇಗ ಇಳಿಯುವುದಿಲ್ಲ, ಕಾವಲಿ ಆರುವ ಹಾಗೆ ನಿಧಾನ. ಇದನ್ನು ಜ್ವಾಲೆ ಅನ್ನುತ್ತಾರೆ. ಓರಿಯನ್‌ನಲ್ಲಿ ಕೆಲವು ಜ್ವಾಲೆಗಳು ಒಂದು ಗಂಟೆಯಲ್ಲಿ ಮುಗಿದವು, ಕೆಲವು ಮೂರು ದಿನ ನಡೆದವು. ಅತಿ ದೊಡ್ಡವುಗಳಲ್ಲಿ ಅನಿಲದ ಬಿಸಿ ಹತ್ತು ಕೋಟಿ ಡಿಗ್ರಿ ದಾಟಿತ್ತು. ಸೂರ್ಯನ ಗರ್ಭದಲ್ಲಿ ಬಿಸಿ ಒಂದೂವರೆ ಕೋಟಿ ಡಿಗ್ರಿ ಮಾತ್ರ.

ಇಷ್ಟು ಬಿಸಿ ಬೆಂಕಿಯಿಂದ ಬರುವುದಲ್ಲ, ಕಾಂತಶಕ್ತಿಯಿಂದ ಬರುವುದು. ಹಗ್ಗ ಹೊಸೆಯುವಾಗ ಗಮನಿಸಿದ್ದೀರಾ? ಹುರಿ ಜಾಸ್ತಿ ಆದಷ್ಟೂ ಹಗ್ಗ ಬಿಗಿಯಾಗುತ್ತದೆ, ತನ್ನ ಮೇಲೆ ತಾನೇ ಗಂಟು ಹಾಕಿಕೊಳ್ಳುತ್ತದೆ. ಕೈ ಬಿಟ್ಟರೆ ಗಿರ್ರನೆ ತಿರುಗಿ ಹುರಿಯೆಲ್ಲ ಬಿಚ್ಚಿಕೊಳ್ಳುತ್ತದೆ. ನಕ್ಷತ್ರದ ಕಾಂತಕ್ಷೇತ್ರ ಅದರ ಮೈಯಿಂದ ಕಮಾನುಗಳ ಹಾಗೆ ಹೊರಗೆ ಬಾಗಿ ಮತ್ತೆ ಒಳಗೆ ಹೋಗುತ್ತದೆ. ಕಮಾನಿನ ಎರಡೂ ಬುಡಗಳನ್ನು ಕುದಿಯುವ ಮೈ ಅತ್ತಿತ್ತ ಎಳೆಯುತ್ತಿರುತ್ತದೆ. ಹುರಿ ಏರುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಎದುರುಬದುರು ದಿಕ್ಕಿನ ಎಳೆಗಳು ತಾಗಿ, ತುಂಡಾಗಿ, ಹೊಸ ರೀತಿಯಲ್ಲಿ ಕೂಡಿಕೊಳ್ಳುತ್ತವೆ. ಹುರಿಯಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಲೇ ಬಿಡುಗಡೆ. ಅದು ನಕ್ಷತ್ರದ ಮೈಗೆ ಅಪ್ಪಳಿಸಿ ಅನಿಲವನ್ನು ಕಾಯಿಸಿ ಕಮಾನಿನೊಳಗೆ ತುಂಬುತ್ತದೆ. ಎಕ್ಸ್ ರೇ ಬರುವುದು ಆ ತುಂಬಿದ ಕಮಾನಿನಿಂದ.

ನಮ್ಮ ಸೂರ್ಯನಲ್ಲೂ ಇದೇ ನಡೆಯುತ್ತದೆ, ಸಣ್ಣದಾಗಿ. ಎಳೆ ನಕ್ಷತ್ರದಲ್ಲಿ ಯಾಕೆ ಇಷ್ಟು ಜೋರು? ಎರಡು ಕಾರಣ ಎದ್ದು ಕಾಣುತ್ತವೆ. ಸೂರ್ಯನಲ್ಲಿ ಕುದಿತ ಇರುವುದು ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಇಂಥ ಎಳೆಯದರಲ್ಲಿ ಅನ್ನದ ಎಸರಿನ ಹಾಗೆ ತಳದಿಂದ ಮೇಲಿನವರೆಗೂ ಕುದಿತ. ಇನ್ನೊಂದು ತಿರುಗುವ ವೇಗ. ಸೂರ್ಯ ಒಂದು ಸುತ್ತು ತಿರುಗಲು 25 ದಿನಕ್ಕಿಂತ ಜಾಸ್ತಿ ತಗೊಳ್ಳುತ್ತಾನೆ. ಓರಿಯನ್‌ನ ಮಕ್ಕಳು ಕೆಲವೇ ದಿನಗಳಲ್ಲಿ ಒಂದು ಸುತ್ತು ಮುಗಿಸುತ್ತವೆ. ಕುದಿಯುತ್ತಾ ತಿರುಗುವ, ವಿದ್ಯುತ್ ಹರಿಯಬಲ್ಲ ಅನಿಲ ಒಂದು ಡೈನಮೋ. ಸೈಕಲ್ ಜೋರಾಗಿ ತುಳಿದರೆ ಹಳೇ ಡೈನಮೋದ ದೀಪ ಜೋರಾಗಿ ಉರಿಯುತ್ತಿತ್ತಲ್ಲ, ಹಾಗೆ. ಆದರೆ ಸೂರ್ಯನ ಡೈನಮೋಗೂ ಪೂರ್ತಿ ಕುದಿಯುವ ಎಳೆ ನಕ್ಷತ್ರದ ಡೈನಮೋಗೂ ಒಳಗಿನ ರಚನೆಯಲ್ಲಿ ವ್ಯತ್ಯಾಸ ಇರಲೇಬೇಕು. ಅದರ ಬಗ್ಗೆ ವಾದ ಇನ್ನೂ ನಡೆಯುತ್ತಿದೆ.

ಓರಿಯನ್‌ನಲ್ಲಿ ಸೂರ್ಯನಷ್ಟೇ ತೂಕದ 28 ನಕ್ಷತ್ರಗಳನ್ನು ಬೇರೆ ಮಾಡಿ ಲೆಕ್ಕ ಹಾಕಿದರು. ಒಂದೊಂದರಲ್ಲೂ ಸರಾಸರಿ ವಾರಕ್ಕೊಂದು ದೊಡ್ಡ ಜ್ವಾಲೆ. ಆಮೇಲೆ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಕಾನ್‌ಸ್ಟಂಟಿನ್ ಗೆಟ್‌ಮನ್ ಮತ್ತು ಫೈಗಲ್ಸನ್ ನಕ್ಷತ್ರ ಹುಟ್ಟುವ 40 ಜಾಗಗಳ 24,000ಕ್ಕೂ ಹೆಚ್ಚು ಎಳೆ ನಕ್ಷತ್ರಗಳ ಚಂದ್ರ ದಾಖಲೆಗಳನ್ನು ಜಾಲಾಡಿ, 2021ರಲ್ಲಿ ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದರು. ಈ ಬಾಲ್ಯ ಓರಿಯನ್‌ಗೆ ಮಾತ್ರ ಸೇರಿದ್ದಲ್ಲ. ನಮ್ಮ ಸೂರ್ಯನದ್ದೂ ಹೀಗೇ ಇತ್ತು.

ಅಂದಹಾಗೆ ಎಲ್ಲ ನಕ್ಷತ್ರಗಳಿಗೂ ಈ ಕಥೆ ಒಪ್ಪುವುದಿಲ್ಲ. ನೀಹಾರಿಕೆಯ ನಡುವೆ ಟ್ರಪೀಜಿಯಂ ಎಂಬ ನಾಲ್ಕು ದೈತ್ಯರ ಗುಂಪಿದೆ, ಸಣ್ಣ ದೂರದರ್ಶಕದಲ್ಲೂ ಕಾಣುತ್ತದೆ. ಅದರಲ್ಲಿ ದೊಡ್ಡದು ತೀಟಾ-1 ಓರಿಯಾನಿಸ್ ಸಿ. ಇಡೀ ನೀಹಾರಿಕೆ ಬೆಳಗುವುದೇ ಇದರ ಅತಿನೇರಳೆ ಬೆಳಕಿನಿಂದ. ಇದರ ಹೊರಭಾಗದಲ್ಲಿ ಸೂರ್ಯನಂಥ ಕುದಿತ ಇಲ್ಲ. ಆದರೆ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದ ಬಿರುಗಾಳಿ ಇದರ ಮೈಯಿಂದ ಹೊರಡುತ್ತದೆ, ಬಲವಾದ ಕಾಂತಕ್ಷೇತ್ರವೂ ಇದೆ. ಉತ್ತರದಿಂದ ಹೊರಟ ಗಾಳಿ, ದಕ್ಷಿಣದಿಂದ ಹೊರಟ ಗಾಳಿ, ಎರಡನ್ನೂ ಕಾಂತಕ್ಷೇತ್ರ ಬಾಗಿಸಿ ನಡುವಿನಲ್ಲಿ ಮುಖಾಮುಖಿ ಡಿಕ್ಕಿ ಹೊಡೆಸುತ್ತದೆ. ಡಿಕ್ಕಿಯಾದ ಜಾಗ ಮೂರು ಕೋಟಿ ಡಿಗ್ರಿ ಕಾಯುತ್ತದೆ. ನಕ್ಷತ್ರ 15.4 ದಿನಕ್ಕೊಮ್ಮೆ ತಿರುಗಿದಂತೆ ಆ ಜಾಗ ನಮ್ಮ ಕಡೆಗೂ ಆ ಕಡೆಗೂ ಹೋಗಿ, ಎಕ್ಸ್ ರೇ ಅದೇ ಲಯದಲ್ಲಿ ಏರಿ ಇಳಿಯುತ್ತದೆ. ದೈತ್ಯರಿಗೂ ಸೂರ್ಯನಂಥವರಿಗೂ ಮಧ್ಯದ ತೂಕದ ನಕ್ಷತ್ರಗಳಿಗೆ ಕುದಿತವೂ ಇಲ್ಲ, ಬಿರುಗಾಳಿಯೂ ಇಲ್ಲ. ಅವು ಎಕ್ಸ್ ರೇಯಲ್ಲಿ ಬಹುಪಾಲು ಮೌನ. ಅಂಥದ್ದೊಂದು ಹೊಳೆದರೆ, ಪಕ್ಕದಲ್ಲಿ ಸಣ್ಣ ಜೊತೆಗಾರ ಅಡಗಿದ್ದಾನೆ ಅಂತ ಮೊದಲು ಅನುಮಾನಿಸುತ್ತಾರೆ.

ತಟ್ಟೆಯ ಮೇಲೆ ಬಿದ್ದ ಬೆಳಕು

ಇಷ್ಟೆಲ್ಲ ಗಲಾಟೆ ನಡೆಯುವುದು ಖಾಲಿ ಜಾಗದಲ್ಲಿ ಅಲ್ಲ. ಅದೇ ಹೊತ್ತಿಗೆ ನಕ್ಷತ್ರದ ಸುತ್ತ ಧೂಳು ಮತ್ತು ಅನಿಲದ ತಟ್ಟೆ ತಿರುಗುತ್ತಿರುತ್ತದೆ. ಗ್ರಹಗಳು ಹುಟ್ಟುವುದು ಅದರಲ್ಲಿ. ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿದ್ದು ಇದೇ ಸಂಗತಿ. ಭೂಮಿ ಮುದ್ದೆಕಟ್ಟುವ ಮೊದಲು, ಅದರ ಧೂಳಿನ ಮೇಲೆ ವಾರಕ್ಕೊಮ್ಮೆ ಇಂಥ ಜ್ವಾಲೆಯ ಬೆಳಕು ಬಿದ್ದಿದೆ.

ಬಿದ್ದಿದೆ ಅನ್ನುವುದಕ್ಕೆ ಸಾಕ್ಷಿ ಏನು? ಕಬ್ಬಿಣ. ಎಕ್ಸ್ ರೇ ತಣ್ಣಗಿರುವ ಕಬ್ಬಿಣದ ಪರಮಾಣುಗೆ ಬಡಿದರೆ, ಅದು ತನ್ನದೇ ಆದ ಒಂದು ನಿರ್ದಿಷ್ಟ ಶಕ್ತಿಯ ಎಕ್ಸ್ ರೇ ಹೊರಹಾಕುತ್ತದೆ. ಆ ಶಕ್ತಿ 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್. ಕೋಟಿಗಟ್ಟಲೆ ಡಿಗ್ರಿ ಕಾದ ಕಬ್ಬಿಣದ ಗುರುತು 6.7ರ ಹತ್ತಿರ ಬರುತ್ತದೆ, ಎರಡನ್ನೂ ಬಿಡಿಸಿ ನೋಡಬಹುದು. ಓರಿಯನ್‌ನ ಕೆಲವು ನಕ್ಷತ್ರಗಳಲ್ಲಿ ಜ್ವಾಲೆ ಎದ್ದಾಗ 6.4ರ ಗುರುತೂ ಕಾಣಿಸಿತು. ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಾಕಿದಾಗ ಎದುರಿನ ಗೋಡೆ ಬೆಳಗುವ ಹಾಗೆ, ಜ್ವಾಲೆಯ ಬೆಳಕಿನಲ್ಲಿ ತಟ್ಟೆಯ ತಣ್ಣನೆಯ ಕಬ್ಬಿಣ ಬೆಳಗಿತ್ತು. ಅತಿ ದೊಡ್ಡ ಕೆಲವು ಜ್ವಾಲೆಗಳ ಕಮಾನುಗಳು ನಕ್ಷತ್ರದ ಅಗಲಕ್ಕಿಂತ ಹಲವು ಪಟ್ಟು ಉದ್ದ ಇದ್ದವು ಅಂತ ಲೆಕ್ಕ ಹೇಳುತ್ತದೆ. ಅಷ್ಟು ಉದ್ದದ ಕಮಾನಿನ ಒಂದು ಬುಡ ನಕ್ಷತ್ರದಲ್ಲಿ, ಇನ್ನೊಂದು ಬುಡ ತಟ್ಟೆಯಲ್ಲೇ ಇರಬಹುದು ಅನ್ನುವ ವಾದವೂ ಇದೆ.

ಎಕ್ಸ್ ರೇ ಬಿದ್ದ ಕಡೆ ಅನಿಲದ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ. ಆಗ ಅನಿಲ ಕಾಂತಕ್ಷೇತ್ರದ ಮಾತು ಕೇಳಲು ಶುರುಮಾಡುತ್ತದೆ. 2005ರಲ್ಲಿ ಓರಿಯನ್ ತಂಡ ಒಂದು ಕುತೂಹಲದ ಸಾಧ್ಯತೆ ಮುಂದಿಟ್ಟಿತು. ತಟ್ಟೆಯ ಅನಿಲದಲ್ಲಿ ಬೆಳೆಯುವ ಎಳೆ ಗ್ರಹ ನಿಧಾನವಾಗಿ ಒಳಕ್ಕೆ ಜಾರಿ ನಕ್ಷತ್ರಕ್ಕೆ ಬೀಳುವ ಅಪಾಯ ಇದೆ. ಎಕ್ಸ್ ರೇಯಿಂದ ಅನಿಲ ಕದಡಿದರೆ, ಆ ಕದಡುವಿಕೆ ಗ್ರಹವನ್ನು ಅತ್ತಿತ್ತ ತಳ್ಳಿ ಬೀಳದಂತೆ ತಡೆಯಬಹುದು. ಇದು ಇನ್ನೂ ಊಹೆಯೇ. ತಟ್ಟೆಯ ಒಳಪದರದವರೆಗೆ ಎಕ್ಸ್ ರೇ ಮುಟ್ಟುವುದಿಲ್ಲ, ಅಲ್ಲಿ ಅಷ್ಟು ಕದಡುವುದಿಲ್ಲ ಅಂತ ಆಮೇಲಿನ ಲೆಕ್ಕಗಳು ಹೇಳಿವೆ. ಹೆಚ್ಚು ಒಪ್ಪಿಗೆ ಇರುವ ಮಾತು ಇನ್ನೊಂದು: ಎಕ್ಸ್ ರೇ ತಟ್ಟೆಯ ಮೇಲ್ಪದರವನ್ನು ಕಾಯಿಸಿ, ಅನಿಲ ಆವಿಯಂತೆ ಹಾರಿಹೋಗಲು ಕಾರಣವಾಗುತ್ತದೆ. ಗುರು, ಶನಿಯಂಥ ಗ್ರಹಗಳು ಅನಿಲ ಖಾಲಿಯಾಗುವ ಮೊದಲೇ ಬೆಳೆದು ಮುಗಿಯಬೇಕು. ಸಿಗುವ ಸಮಯ ಕೆಲವು ದಶಲಕ್ಷ ವರ್ಷ ಮಾತ್ರ.

ಇದರ ಕುರುಹು ನಮ್ಮ ಕೈಗೂ ಸಿಕ್ಕಿದೆ ಅನ್ನುವವರಿದ್ದಾರೆ. 1969ರಲ್ಲಿ ಮೆಕ್ಸಿಕೋದ ಅಯೆಂದೆ ಊರಿನ ಸುತ್ತ ಟನ್‌ಗಟ್ಟಲೆ ಉಲ್ಕಾಶಿಲೆ ಉದುರಿತು. ಕಪ್ಪು ಕಲ್ಲಿನೊಳಗೆ ಬಿಳಿ ಬಿಳಿ ಚೂರುಗಳು, ಸೌರವ್ಯೂಹದಲ್ಲಿ ಮೊದಲು ಗಟ್ಟಿಯಾದ ವಸ್ತುಗಳವು. ಆ ಚೂರುಗಳಲ್ಲಿ ಒಂದು ಕಾಲಕ್ಕೆ ಬೆರಿಲಿಯಂ-10 ಇತ್ತು ಅನ್ನುವ ಗುರುತು 2000ದಲ್ಲಿ ಸಿಕ್ಕಿತು. ಬೆರಿಲಿಯಂ-10 ನಕ್ಷತ್ರದ ಗರ್ಭದಲ್ಲಿ ತಯಾರಾಗುವುದಿಲ್ಲ. ವೇಗದ ಕಣಗಳು ಬೇರೆ ಪರಮಾಣುಗಳಿಗೆ ಬಡಿದು ಒಡೆದಾಗ ಹುಟ್ಟುತ್ತದೆ. ಎಕ್ಸ್ ರೇ ಜ್ವಾಲೆಯ ಜೊತೆ ಅಂಥ ಕಣಗಳೂ ಹೊರಡುತ್ತವೆ. ಹಾಗಾಗಿ ಆ ಬಿಳಿ ಚೂರು ಎಳೆಯ ಸೂರ್ಯನ ಏಟು ತಿಂದಿರಬಹುದು. ಬಾಹ್ಯಾಕಾಶದಲ್ಲಿ ಎಲ್ಲೆಲ್ಲೂ ಇರುವ ಕಾಸ್ಮಿಕ್ ಕಿರಣಗಳಿಂದಲೂ ಆಗಿರಬಹುದು, ಆ ವಾದವನ್ನು ತಳ್ಳಿಹಾಕಲು ಆಗುವುದಿಲ್ಲ. ನನಗೆ ಮೊದಲನೆಯದು ಹೆಚ್ಚು ಹಿಡಿಸುತ್ತದೆ. ಓರಿಯನ್‌ನ ಮಕ್ಕಳನ್ನು ನೋಡಿದ ಮೇಲೆ, ಸೂರ್ಯ ಸುಮ್ಮನೆ ಇದ್ದ ಅಂತ ನಂಬುವುದು ಕಷ್ಟ.

ಇನ್ನೂ ಎಳೆಯದಕ್ಕೆ

ಜ್ವಾಲೆ ಶುರುವಾಗುವುದು ಯಾವಾಗ? ವಾರದ ಕೂಸು ಹೀಗಿದ್ದರೆ, ಹುಟ್ಟಿದ ದಿನ ಹೇಗಿರುತ್ತದೆ?

2004ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯ ಜೇ ಮೆಕ್‌ನೀಲ್ ಎಂಬ ಹವ್ಯಾಸಿ, ಮನೆಯಿಂದಲೇ ಸಣ್ಣ ದೂರದರ್ಶಕದಲ್ಲಿ ಓರಿಯನ್ ಕಡೆಯ ಚಿತ್ರ ತೆಗೆಯುತ್ತಿದ್ದಾಗ, ಹಳೆಯ ಚಿತ್ರಗಳಲ್ಲಿ ಇಲ್ಲದ ಒಂದು ಹೊಸ ಮಸುಕು ಕಂಡರು. ಮೋಡದೊಳಗಿನ ಒಂದು ಎಳೆ ನಕ್ಷತ್ರ ಸುತ್ತಲಿನ ತಟ್ಟೆಯಿಂದ ಇದ್ದಕ್ಕಿದ್ದಂತೆ ಗಬಗಬನೆ ತಿನ್ನಲು ಶುರುಮಾಡಿತ್ತು. ಚಂದ್ರ ದೂರದರ್ಶಕ ಅತ್ತ ತಿರುಗಿದಾಗ ಎಕ್ಸ್ ರೇಯೂ ಹಲವು ಪಟ್ಟು ಏರಿತ್ತು. ಎಳೆ ನಕ್ಷತ್ರಗಳಲ್ಲಿ ಊಟಕ್ಕೂ ಎಕ್ಸ್ ರೇಗೂ ನಂಟು ಇರಬಹುದು ಅನ್ನುವುದಕ್ಕೆ ಅದು ಒಳ್ಳೆಯ ಸುಳಿವು.

ಇನ್ನೊಂದು ಅದಕ್ಕಿಂತಲೂ ಎಳೆಯದು. ಹೆಸರು ಹಾಪ್ಸ್-383, ಓರಿಯನ್ ಮೋಡಗಳಲ್ಲೇ ಇದೆ. ಇದು ನಕ್ಷತ್ರ ಅಂತ ಕರೆಸಿಕೊಳ್ಳುವ ಹಂತಕ್ಕೂ ಬಂದಿಲ್ಲ. ಆಗಬೇಕಾದ ದ್ರವ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಸುತ್ತಲಿನ ಮೋಡದಲ್ಲೇ ಇದೆ, ಒಳಗೆ ಬೀಳುತ್ತಿದೆ. ನಮ್ಮ 46 ವರ್ಷದ ಲೆಕ್ಕದಲ್ಲಿ ಹುಟ್ಟಿ ಕೆಲವು ಗಂಟೆ ಆಗಿದೆ ಅಷ್ಟೇ. 2017ರ ಡಿಸೆಂಬರ್‌ನಲ್ಲಿ ಚಂದ್ರ ಆ ಕಡೆ ನೋಡುತ್ತಿತ್ತು. ಆ ಜಾಗದಲ್ಲಿ ಏನೂ ಇರಲಿಲ್ಲ. ಆಮೇಲೆ ಫೋಟಾನ್‌ಗಳು ಬರತೊಡಗಿದವು, ಎಲ್ಲವೂ ಶಕ್ತಿ ಹೆಚ್ಚಿರುವವು, ದಟ್ಟ ಮೋಡ ದಾಟಿ ಬರಬಲ್ಲವು. 3 ಗಂಟೆ 20 ನಿಮಿಷ ಬಂದವು. ಮತ್ತೆ ಏನೂ ಇಲ್ಲ.